ಡಿಕ್ಕಿಯ ಮ್ಯಾಟ್ ಎತ್ತಿ ನೋಡಿದ್ದೀರಾ? ಕಾರಿನ ಜೊತೆಗೇ ಬಂದ ಸಾಮಾನು, ನಮ್ಮ ಮಳೆಗಾಲ

ತೋಟದ ದಾರಿ, ಮಡಿಕೇರಿ

ಮುಂಗಾರು ಬಾಗಿಲಿಗೆ ಬಂದಿದೆ. ಹೊರಗಿನಿಂದ ಕೊಂಡು ಹಾಕಿಸುವ ಬಿಡಿಭಾಗಗಳ ಬಗ್ಗೆ ಈ ಫೋರಂನಲ್ಲಿ ಬೇಕಾದಷ್ಟು ಮಾತಾಗಿದೆ. ಈ ಸಲ ಕಾರಿನ ಜೊತೆಗೇ ಬಂದಿರುವ, ಆಗಲೇ ದುಡ್ಡು ಕೊಟ್ಟಾಗಿರುವ, ಆದರೆ ಪ್ಲಾಸ್ಟಿಕ್ ಚೀಲದಿಂದ ಹೊರಗೇ ತೆಗೆಯದ ಸಾಮಾನು ಮತ್ತು ಸೌಲಭ್ಯಗಳ ಬಗ್ಗೆ ಮಾತ್ರ ಬರೆಯೋಣ. ಎಲ್ಲಿರುತ್ತದೆ, ಹೇಗೆ ಬಳಸಬೇಕು, ಎಲ್ಲಿ ಕೈಕೊಡುತ್ತದೆ, ಇಷ್ಟು ಬರಲಿ.

ನಾನು ಎಳೆಯುವ ಕೊಕ್ಕೆಯಿಂದ ಶುರು ಮಾಡುತ್ತೇನೆ. ಸ್ಟೆಪ್ನಿಯ ಸುತ್ತ ಇರುವ ಥರ್ಮಾಕೋಲ್ ಅಚ್ಚಿನಲ್ಲಿ, ಜಾಕ್ ಪಕ್ಕದಲ್ಲಿ, ಒಂದು ತುದಿಗೆ ಉಂಗುರ, ಇನ್ನೊಂದು ತುದಿಗೆ ದಪ್ಪ ಥ್ರೆಡ್ ಇರುವ ಗೇಣುದ್ದದ ಉಕ್ಕಿನ ಸಲಾಕೆ ಇರುತ್ತದೆ. ಮುಂದಿನ ಬಂಪರಿನ ಒಂದು ಬದಿಯಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದಲ್ಲ, ಈ ಸಲಾಕೆಯ ಜಾಗ ಅದರ ಹಿಂದೆ. ಮುಚ್ಚಳದ ಅಂಚಿನಲ್ಲಿ ಸಣ್ಣ ಕಚ್ಚು ಇದ್ದರೆ ಬಟ್ಟೆ ಸುತ್ತಿದ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ. ಕಚ್ಚು ಇಲ್ಲದಿದ್ದರೆ ಒಂದು ಬದಿಯನ್ನು ಹೆಬ್ಬೆರಳಿನಿಂದ ಒತ್ತಿ, ಇನ್ನೊಂದು ಬದಿ ತಾನಾಗಿ ಏಳುತ್ತದೆ. ಹಲವು ಕಾರುಗಳಲ್ಲಿ ಮುಚ್ಚಳ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯಲ್ಲಿ ನೇತಾಡುವ ಹಾಗೆ ಮಾಡಿರುತ್ತಾರೆ, ಅದನ್ನು ಕೀಳಬೇಡಿ. ಕೊಕ್ಕೆಯನ್ನು ಮೊದಲು ಕೈಯಲ್ಲೇ ತಿರುಗಿಸಿ. ಕೈಗೆ ಬಿಗಿಯಾದ ಮೇಲೆ ಉಂಗುರದೊಳಗೆ ವೀಲ್ ಸ್ಪ್ಯಾನರ್ ತೂರಿಸಿ ಪೂರ್ತಿ ಕೂರುವವರೆಗೆ ತಿರುಗಿಸಬೇಕು. ಅರ್ಧ ಥ್ರೆಡ್‌ನಲ್ಲಿ ನಿಂತ ಕೊಕ್ಕೆ ಎಳೆತಕ್ಕೆ ಬಾಗುತ್ತದೆ, ಇಲ್ಲವೇ ಥ್ರೆಡ್ ಕಿತ್ತುಕೊಂಡು ಬರುತ್ತದೆ. ಬಂದರೆ ಅದು ಹಗ್ಗದ ಜೊತೆ ಮುಂದಿನ ಗಾಡಿಯ ಹಿಂಗಾಜಿಗೇ ಹೋಗಿ ಬಡಿಯುತ್ತದೆ.

ಹನ್ನೆರಡರ ಪಾನಾ, ಗೋಣಿಕೊಪ್ಪ

ಇದಕ್ಕೆ ಎರಡು ಮಾತು ಸೇರಿಸಲೇಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ ಕೊಕ್ಕೆಗೆ ಎಡ ಥ್ರೆಡ್. ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿಗೆ ತಿರುಗಿಸಿದರೇ ಒಳಗೆ ಹೋಗುತ್ತದೆ. ಅಭ್ಯಾಸಬಲದಿಂದ ಬಲಕ್ಕೆ ತಿರುಗಿಸಿ, ಕೂರುತ್ತಿಲ್ಲ ಅಂತ ಸ್ಪ್ಯಾನರ್ ಹಾಕಿ ಒತ್ತಿದರೆ ಬಂಪರ್ ಹಿಂದಿನ ಬೀಮ್‌ನ ಥ್ರೆಡ್ ಹಾಳು. ಅದು ಸಣ್ಣ ಖರ್ಚಲ್ಲ.

ಎರಡನೆಯದು, ಕಾರಿನ ತಳದಲ್ಲಿ ಕಾಣುವ ಎಲ್ಲ ತೂತು, ಎಲ್ಲ ಬಳೆ ಎಳೆಯುವುದಕ್ಕಲ್ಲ. ಕಾರ್ಖಾನೆಯಿಂದ ಲಾರಿಯಲ್ಲಿ ಸಾಗಿಸುವಾಗ ಕಟ್ಟಿ ನಿಲ್ಲಿಸುವುದಕ್ಕೆ ಅಂತ ಕೆಲವು ಕೊಟ್ಟಿರುತ್ತಾರೆ. ಅವು ಕೆಳಕ್ಕೆ ಬಿಗಿಯುವ ಭಾರ ತಡೆಯುತ್ತವೆ, ಮುಂದಕ್ಕೆ ಜಗ್ಗುವ ಭಾರಕ್ಕೆ ಹರಿಯುತ್ತವೆ. ಯಾವುದು ಯಾವುದು ಅಂತ ಮಾಲೀಕರ ಕೈಪಿಡಿಯ ಚಿತ್ರದಲ್ಲಿ ಇರುತ್ತದೆ, ನೋಡಿಕೊಳ್ಳಿ.

ಎಳೆಸಿಕೊಳ್ಳುವ ಕಾರಿನಲ್ಲಿ ಕೂತವರು ಇಗ್ನಿಷನ್ ಆನ್ ಇಟ್ಟಿರಬೇಕು, ಇಲ್ಲದಿದ್ದರೆ ಸ್ಟೇರಿಂಗ್ ಲಾಕ್ ಆಗುತ್ತದೆ. ಇಂಜಿನ್ ಓಡದಿದ್ದಾಗ, ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿಯಾಗುತ್ತದೆ, ಆಮೇಲೆ ಪೆಡಲ್ ಕಲ್ಲಿನ ಹಾಗೆ. ಬ್ರೇಕ್ ಹಿಡಿಯುತ್ತದೆ, ಆದರೆ ಕಾಲಿನ ಪೂರ್ತಿ ಬಲ ಬೇಕು. ಸ್ಟೇರಿಂಗೂ ಅಷ್ಟೇ ಭಾರ. ಎರಡು ಗಾಡಿಗಳ ನಡುವಿನ ಹಗ್ಗ 5 ಮೀಟರ್ ಮೀರಬಾರದು. ನಡುವೆ ಕೆಂಪು ಅಥವಾ ಬಿಳಿ ಬಟ್ಟೆ ಕಟ್ಟಿ, ಮಂಜಿನಲ್ಲಿ ಬೈಕಿನವರಿಗೆ ಹಗ್ಗ ಕಾಣುವುದೇ ಇಲ್ಲ.

ಆಟೊಮ್ಯಾಟಿಕ್ ಗೇರ್ ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು ದೂರ ಎಳೆಯಬೇಡಿ. ಇಂಜಿನ್ ನಿಂತರೆ ಗೇರ್‌ಬಾಕ್ಸ್‌ನ ಆಯಿಲ್ ಪಂಪೂ ನಿಲ್ಲುತ್ತದೆ, ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗುತ್ತವೆ. ರಸ್ತೆ ಬದಿಗೆ ಸರಿಸುವಷ್ಟು ಸಾಕು, ಆಮೇಲೆ ಮುಂದಿನ ಚಕ್ರ ಎತ್ತುವ ಗಾಡಿ ಅಥವಾ ಫ್ಲಾಟ್‌ಬೆಡ್ ಕರೆಸಿ.

ಕಕ್ಕಡ ಮಳೆ, ನಾಪೋಕ್ಲು

ತೋಟದ ಕೆಸರಿನಲ್ಲಿ ಹೂತ ಕಾರನ್ನು ಈ ಕೊಕ್ಕೆಗೆ ಹಗ್ಗ ಕಟ್ಟಿ ಜೀಪಿನಲ್ಲಿ ಎಳೆಯಬಹುದಾ? ಇಲ್ಲಿ ಎಲ್ಲರೂ ಅದನ್ನೇ ಮಾಡುವುದು.

ಹನ್ನೆರಡರ ಪಾನಾ, ಗೋಣಿಕೊಪ್ಪ

ಮಾಡುತ್ತಾರೆ, ಮಾಡಬಾರದು. ಕೊಕ್ಕೆ ಇರುವುದು ಉರುಳುವ ಗಾಡಿಯನ್ನು ನೇರವಾಗಿ ಎಳೆಯಲು. ಆಕ್ಸಲ್‌ವರೆಗೆ ಹೂತ ಗಾಡಿಯನ್ನು ಕೆಸರು ಹಿಂದಕ್ಕೆ ಹೀರುತ್ತಿರುತ್ತದೆ. ಅದರ ಮೇಲೆ ಜೀಪಿನವರು ಹಗ್ಗ ಸಡಿಲ ಬಿಟ್ಟು ಜರ್ಕ್ ಕೊಟ್ಟರೆ ಕೊಕ್ಕೆಯ ಮೇಲೆ ಬೀಳುವ ಭಾರ ಕಾರಿನ ತೂಕಕ್ಕಿಂತ ಎಷ್ಟೋ ಹೆಚ್ಚು. ಓರೆಯಾಗಿ ಎಳೆದರೆ ಇನ್ನೂ ಕೆಟ್ಟದ್ದು, ಸಲಾಕೆ ಬಾಗಿ ಬಂಪರ್ ಒಳಕ್ಕೆ ಮಡಚುತ್ತದೆ.

ಮೊದಲು ಹಾರೆ ಹಿಡಿಯಿರಿ. ನಾಲ್ಕೂ ಚಕ್ರದ ಮುಂದೆ ಒಂದು ಮೊಳ ಇಳಿಜಾರಾಗಿ ಕೆಸರು ತೆಗೆದು ಕಲ್ಲು, ಸೌದೆ ಅಥವಾ ಒಣ ಗೋಣಿಚೀಲ ಹಾಸಿ. ಎಳೆಯುವ ಚಕ್ರ ಮುಂದಿನವಾ ಹಿಂದಿನವಾ ಗೊತ್ತಿರಲಿ, ಗೋಣಿ ಹೋಗಬೇಕಾದದ್ದು ಅವುಗಳ ಅಡಿಗೆ. ಆಮೇಲೂ ಹಗ್ಗ ಬೇಕಾದರೆ ಹಗ್ಗ ಮೊದಲೇ ಬಿಗಿಯಾಗಿರಬೇಕು, ಎಳೆತ ನಿಧಾನವಾಗಿರಬೇಕು, ಹಗ್ಗದ ಎರಡು ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು.

ಸಂಪಾಜೆ ತಿರುವು

ಹಗ್ಗಕ್ಕೂ ಮುಂಚೆ ಡ್ಯಾಶ್‌ಬೋರ್ಡಿನಲ್ಲೇ ಒಂದು ಬಟನ್ ಇದೆ. ಜಾರುವ ಕಾರು ಮತ್ತು ಅದರ ಹಿಂದೆ ಎರಡು ಸೊಟ್ಟ ಗೆರೆಗಳ ಚಿತ್ರ, ಕೆಳಗೆ ಆಫ್ ಅಂತ ಬರೆದಿರುವುದು. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಚಕ್ರ ಜಾರಿದ ಕೂಡಲೇ ಟ್ರ್ಯಾಕ್ಷನ್ ಕಂಟ್ರೋಲ್ ಇಂಜಿನ್ ಬಲ ಕಡಿಮೆ ಮಾಡುತ್ತದೆ. ತೇವದ ಡಾಂಬರಿನ ಮೇಲೆ ಅದು ಜೀವ ಉಳಿಸುವ ಕೆಲಸ. ಕೆಸರಿನಲ್ಲಿ ಮಾತ್ರ ಆಕ್ಸಿಲರೇಟರ್ ಒತ್ತಿದರೂ ಇಂಜಿನ್ ಗುರುಗುಟ್ಟಿ ಸುಮ್ಮನಾಗುತ್ತದೆ, ಗಾಡಿ ಅಲ್ಲೇ ನಿಲ್ಲುತ್ತದೆ. ಬಟನ್ ಒತ್ತಿ ಆಫ್ ಮಾಡಿ. ಕೆಲವು ಕಾರುಗಳಲ್ಲಿ ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು, ಮೀಟರಿನಲ್ಲಿ ಹಳದಿ ದೀಪ ಬಂದರೆ ಆಫ್ ಆಗಿದೆ ಎಂದರ್ಥ. ಎರಡನೇ ಗೇರ್, ಸ್ಟೇರಿಂಗ್ ನೇರ, ಕ್ಲಚ್ ಮೆಲ್ಲಗೆ ಬಿಡಿ. ಮುಂದಕ್ಕೆ ಹಿಂದಕ್ಕೆ ತೊಟ್ಟಿಲಿನ ಹಾಗೆ ತೂಗಿದರೆ ಎಷ್ಟೋ ಸಲ ಅಷ್ಟರಲ್ಲೇ ಹೊರಬರುತ್ತದೆ. ಡಾಂಬರಿಗೆ ಬಂದ ತಕ್ಷಣ ಮತ್ತೆ ಆನ್ ಮಾಡಲೇಬೇಕು.

ಸಿಲ್ವರ್ ಓಕ್ ನೆರಳು, ಸುಂಟಿಕೊಪ್ಪ

ಜಾಕ್ ಬಗ್ಗೆ ಬರೆಯುತ್ತೇನೆ. ಎಲ್ಲರಿಗೂ ಗೊತ್ತಿದೆ ಅಂದುಕೊಳ್ಳುವ ವಸ್ತು, ಆದರೆ ತಪ್ಪು ಹೆಚ್ಚಾಗುವುದೂ ಅದರಲ್ಲೇ.

ಕಾರಿನ ಜೊತೆ ಬರುವ ಕತ್ತರಿ ಜಾಕಿನ ತಲೆಯಲ್ಲಿ ಒಂದು ಸೀಳು ಇರುತ್ತದೆ. ಬಾಗಿಲಿನ ಕೆಳಗಿನ ತಗಡಿನ ಅಂಚಿನಲ್ಲಿ, ಮುಂಚಕ್ರದ ಹಿಂದೆ ಮತ್ತು ಹಿಂಚಕ್ರದ ಮುಂದೆ, ಅರ್ಧಚಂದ್ರಾಕಾರದ ಎರಡು ಕಚ್ಚುಗಳನ್ನು ಕೈಯಾಡಿಸಿ ಹುಡುಕಿ. ಆ ಎರಡು ಕಚ್ಚುಗಳ ನಡುವಿನ ಅಂಚು ಜಾಕಿನ ಸೀಳಿನೊಳಗೆ ಕೂರಬೇಕು. ಅಲ್ಲಿ ಮಾತ್ರ ಒಳಗಿನಿಂದ ತಗಡು ದಪ್ಪ ಮಾಡಿರುತ್ತಾರೆ. ನಾಲ್ಕು ಬೆರಳು ಆಚೆ ಇಟ್ಟರೆ ತಗಡು ಮಡಚಿ ಜಾಕ್ ಒಳಕ್ಕೆ ನುಗ್ಗುತ್ತದೆ.

ಕ್ರಮ ಹೀಗೆ. ಗಾಡಿ ಸಮತಟ್ಟು ಜಾಗಕ್ಕೆ ತನ್ನಿ, ಟೈರ್ ಪೂರ್ತಿ ಕೆಟ್ಟರೂ ಚಿಂತೆಯಿಲ್ಲ, ಘಾಟಿಯ ಇಳಿಜಾರಿನಲ್ಲಿ ಮಾತ್ರ ಎತ್ತಬೇಡಿ. ಹ್ಯಾಂಡ್‌ಬ್ರೇಕ್ ಹಾಕಿ, ಮೊದಲ ಗೇರ್ ಅಥವಾ ಆಟೊಮ್ಯಾಟಿಕ್ ಆದರೆ ಪಿ (ಪಾರ್ಕಿಂಗ್) ಗೇರ್‌ನಲ್ಲಿಡಿ. ಎತ್ತುವ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಚಕ್ರಕ್ಕೆ ಎರಡೂ ಬದಿ ಕಲ್ಲು ಕೊಡಿ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಹಿಂಚಕ್ರ ಒಂದನ್ನು ಎತ್ತಿದರೆ ಬ್ರೇಕಿನ ಅರ್ಧ ಹಿಡಿತ ಗಾಳಿಯಲ್ಲಿರುತ್ತದೆ, ಆಗ ಈ ಕಲ್ಲೇ ಆಧಾರ.

ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಒಂದು ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಸ್ಟೆಪ್ನಿಯನ್ನು ಹೊರಗೆ ತೆಗೆದ ಕೂಡಲೇ ಜಾಕಿನ ಪಕ್ಕ ಕಾರಿನ ಅಡಿ ಮಲಗಿಸಿಡಿ, ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ಕೆಟ್ಟ ಚಕ್ರ ಬಿಚ್ಚಿದ ಮೇಲೆ ಅದನ್ನು ಅಡಿಗೆ ತಳ್ಳಿ ಸ್ಟೆಪ್ನಿ ತೆಗೆದುಕೊಳ್ಳಿ.

ನಮ್ಮ ಕೆಂಪುಮಣ್ಣು ಮಳೆಯಲ್ಲಿ ಬೆಣ್ಣೆ. ಜಾಕಿನ ಪಾದ ಅಂಗೈಯಗಲ ಅಷ್ಟೇ. ನೀವು ಹಿಡಿ ತಿರುಗಿಸುತ್ತಿದ್ದರೆ ಕಾರು ಏಳುವ ಬದಲು ಜಾಕ್ ಇಳಿಯುತ್ತಿರುತ್ತದೆ, ಅದೂ ಓರೆಯಾಗಿ. ಒಂದಡಿ ಉದ್ದ ಒಂದಡಿ ಅಗಲ, ಒಂದು ಇಂಚು ದಪ್ಪದ ಹಲಗೆಯ ತುಂಡು ಡಿಕ್ಕಿಯಲ್ಲಿ ಇರಲೇಬೇಕು. ಕಂಪನಿ ಕೊಡದ ಒಂದೇ ಒಂದು ಸಾಮಾನು ಸೇರಿಸುವುದಾದರೆ ನಾನು ಇದನ್ನೇ ಸೇರಿಸುತ್ತೇನೆ.

ಹನ್ನೆರಡರ ಪಾನಾ, ಗೋಣಿಕೊಪ್ಪ

ಚೆನ್ನಾಗಿ ಬರೆದಿದ್ದೀರಿ. ವೀಲ್ ಸ್ಪ್ಯಾನರ್ ಅಳತೆಯನ್ನೂ ಹೇಳಿಬಿಡುತ್ತೇನೆ, ಸೆಕೆಂಡ್‌ಹ್ಯಾಂಡ್ ಕಾರು ಕೊಂಡವರ ಡಿಕ್ಕಿಯಲ್ಲಿ ಬೇರೆ ಯಾವುದೋ ಕಾರಿನ ಸ್ಪ್ಯಾನರ್ ಇರುವುದು ಮಾಮೂಲು. ಮಾರುತಿಗೆ ಸಾಮಾನ್ಯವಾಗಿ 19 ಮಿ.ಮೀ., ಹ್ಯುಂಡೈ ಮತ್ತು ಟೊಯೋಟಾಗೆ 21, ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾಗೆ 17. ಇಂದೇ ಒಂದು ನಟ್ಟಿಗೆ ಹಾಕಿ ಸರಿಯಾಗಿ ಕೂರುತ್ತದಾ ನೋಡಿ.

ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ನಟ್ಟಿನ ಬದಲು ಬೋಲ್ಟ್. ಅವುಗಳ ತಲೆಗೆ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಟೂಲ್‌ಕಿಟ್ಟಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಚಿಮಟ ಅಥವಾ ತಂತಿಯ ಕೊಕ್ಕೆ ಆ ಟೋಪಿ ಎಳೆಯುವುದಕ್ಕೇ ಕೊಟ್ಟದ್ದು. ಏನೆಂದು ತಿಳಿಯದೆ ಎಸೆದವರು ಸ್ಕ್ರೂಡ್ರೈವರ್‌ನಿಂದ ಮೀಟಿ ಅಲಾಯ್ ರಿಮ್ ಗೀರಿಕೊಳ್ಳುತ್ತಾರೆ. ಬೋಲ್ಟ್ ಇರುವ ಕಾರಿನಲ್ಲಿ ಚಕ್ರ ನೇತುಹಾಕಲು ಸ್ಟಡ್ ಇರುವುದಿಲ್ಲ. ಚಕ್ರವನ್ನು ಕಾಲ್ಬೆರಳ ಮೇಲೆ ಎತ್ತಿ ಹಿಡಿದು ಮೇಲಿನ ಬೋಲ್ಟನ್ನು ಮೊದಲು ಹಾಕಿ, ಉಳಿದದ್ದು ಸುಲಭ.

ಅಲಾಯ್ ಕದಿಯದಂತೆ ಒಂದು ಚಕ್ರಕ್ಕೆ ಒಂದರಂತೆ ಲಾಕ್ ನಟ್ ಇದ್ದರೆ ಅದಕ್ಕೊಂದು ಅಡಾಪ್ಟರ್ ಬೇಕು. ಹೆಬ್ಬೆರಳು ಗಾತ್ರದ ತುಂಡು, ಒಳಗೆ ಹೂವಿನಂಥ ಅಚ್ಚು. ಕಾರು ಕೊಳ್ಳುವ ದಿನವೇ ಅದು ಇದೆಯೇ ಅಂತ ನೋಡಿ. ಸರ್ವಿಸ್‌ಗೆ ಕೊಟ್ಟು ವಾಪಸ್ ತರುವಾಗಲೂ ನೋಡಿ.

ಮಳೆನೀರು ಕುಡಿದ ಹಬ್‌ಗೆ (ಚಕ್ರ ಕೂರುವ ತಟ್ಟೆಗೆ) ಚಕ್ರ ತುಕ್ಕಿನಲ್ಲಿ ಅಂಟಿಕೊಂಡಿದ್ದರೆ ಜಾಕಿನ ಮೇಲಿರುವ ಗಾಡಿಯ ಚಕ್ರವನ್ನು ಒದೆಯಬೇಡಿ. ನಟ್ಟುಗಳನ್ನು ಒಂದೊಂದು ಸುತ್ತು ಸಡಿಲ ಬಿಟ್ಟು ಗಾಡಿ ಕೆಳಗಿಳಿಸಿ, ಪಕ್ಕದಿಂದ ಅಲುಗಾಡಿಸಿ. ಗಾಡಿಯ ತೂಕವೇ ಬಿಡಿಸುತ್ತದೆ. ಬಿಗಿಯುವಾಗ ಎದುರುಬದುರು ಕ್ರಮ, ಥ್ರೆಡ್‌ಗೆ ಎಣ್ಣೆ ಬೇಡ, ಸ್ಪ್ಯಾನರ್ ಮೇಲೆ ಹತ್ತಿ ನಿಲ್ಲುವುದು ಬೇಡ. ಎಣ್ಣೆ ಹಚ್ಚಿದ ಥ್ರೆಡ್‌ನಲ್ಲಿ ಅದೇ ಕೈಬಲಕ್ಕೆ ಸ್ಟಡ್ ಮಿತಿಮೀರಿ ಎಳೆದುಕೊಳ್ಳುತ್ತದೆ. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.

ಮಂಜಿನ ಗಾಳಿಬೀಡು

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಗಾಜು ತಿಳಿಯಾಗಿಡುವ ವಿದ್ಯೆ. ಮುಂಗಾಜಿನ ಬೀಸಣಿಗೆ ಆಕಾರದ ಚಿತ್ರವಿರುವ ಗುಂಡಿ ಎಲ್ಲ ಕಾರಿನಲ್ಲೂ ಇದೆ, ಅದರ ಜೊತೆ ಎ.ಸಿ. ಹಾಕಬೇಕು ಅನ್ನುವುದು ಅನೇಕರಿಗೆ ತಿಳಿದಿಲ್ಲ. ಚಳಿ ಇದೆ ಅಂತ ಎ.ಸಿ. ಬಂದ್ ಮಾಡಿ ಬರೀ ಬಿಸಿಗಾಳಿ ಬಿಟ್ಟರೆ ಒದ್ದೆ ಬಟ್ಟೆಯ ತೇವ ಕಾರಿನೊಳಗೇ ಸುತ್ತುತ್ತದೆ. ಎ.ಸಿ.ಯ ತಣ್ಣನೆ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಕೆಳಗೆ ತೊಟ್ಟಿಕ್ಕುತ್ತದೆ, ಒಣಗಿದ ಗಾಳಿಯನ್ನು ಹೀಟರ್ ಬೆಚ್ಚಗೆ ಮಾಡಿ ಗಾಜಿಗೆ ಕಳಿಸುತ್ತದೆ. ಆದ್ದರಿಂದ ಎ.ಸಿ. ಆನ್, ತಾಪಮಾನದ ಗುಂಡಿ ಕೆಂಪಿನ ಕಡೆಗೆ, ಗಾಳಿ ಮುಂಗಾಜಿಗೆ, ಒಳಗಾಳಿ ಸುತ್ತುವ ಬಟನ್ ಆಫ್. ಒಂದೆರಡು ನಿಮಿಷದಲ್ಲಿ ಗಾಜು ತಿಳಿ.

ಇದರ ತದ್ವಿರುದ್ಧದ ತೊಂದರೆಯೂ ಇದೆ. ತುಂಬಾ ತಣ್ಣನೆ ಗಾಳಿಯನ್ನು ಗಾಜಿಗೆ ಬಿಟ್ಟರೆ ಗಾಜು ತಣ್ಣಗಾಗಿ ಹೊರಗಿನ ತೇವ ಹೊರಮೈಗೆ ಕೂರುತ್ತದೆ. ಒಳಗಿನಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ. ವೈಪರ್ ಒಂದು ಸುತ್ತು ಹಾಕಿ ನೋಡಿ. ಹೋಯಿತೆಂದರೆ ಮಂಜು ಹೊರಗಿನದು, ತಾಪಮಾನ ಹೆಚ್ಚಿಸಿ.

ಹಿಂಗಾಜನ್ನು ಸಣ್ಣ ಗೆರೆಗಳಿಂದ ಬಿಸಿ ಮಾಡಿ ಮಂಜು ತೆಗೆಯುವ ಡಿಫಾಗರ್ ಹದಿನೈದು ಇಪ್ಪತ್ತು ನಿಮಿಷಕ್ಕೆ ತಾನಾಗಿ ಆಫ್ ಆಗುತ್ತದೆ, ಕೆಟ್ಟಿದೆ ಎಂದು ತಿಳಿಯಬೇಡಿ. ಒಳಗಿನಿಂದ ಒರೆಸುವಾಗ ಗೆರೆಗಳ ಉದ್ದಕ್ಕೆ ಒರೆಸಿ, ಅಡ್ಡಕ್ಕೆ ಉಜ್ಜಿದರೆ ಗೆರೆ ಕಿತ್ತು ಆ ಸಾಲು ಸತ್ತುಹೋಗುತ್ತದೆ. ಆ ಗೆರೆಗಳ ಮೇಲೆ ಸ್ಟಿಕರ್ ಅಂಟಿಸಿ ಕಿತ್ತರೂ ಅದೇ ಗತಿ.

ಇನ್ನೊಂದು, ಸ್ಟೇರಿಂಗಿನ ಬಲಗಡೆ ಕೆಳಗೆ 0, 1, 2, 3 ಅಂತ ಬರೆದ ಸಣ್ಣ ಚಕ್ರ. ಹೆಡ್‌ಲೈಟಿನ ಬೆಳಕನ್ನು ಏರಿಳಿಸುವುದು ಅದು. ಒಬ್ಬರೇ ಇದ್ದರೆ 0. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಕಾಫಿ ಮೂಟೆ ಇದ್ದರೆ ಹಿಂಭಾಗ ಕುಸಿದು ಲೋ ಬೀಮ್ ಕೂಡ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಆಗ 2 ಅಥವಾ 3ಕ್ಕೆ ತಿರುಗಿಸಿ. ಸಂಖ್ಯೆ ಹೆಚ್ಚಾದಷ್ಟು ಬೆಳಕು ಕೆಳಕ್ಕೆ. ಮಂಜಿನಲ್ಲೂ ಒಂದು ಹಂತ ಕೆಳಗಿಳಿಸಿದರೆ ಮುಂದಿನ ಬಿಳಿ ಗೋಡೆಗಿಂತ ರಸ್ತೆಯ ಅಂಚು ಚೆನ್ನಾಗಿ ಕಾಣುತ್ತದೆ.

ತೋಟದ ದಾರಿ, ಮಡಿಕೇರಿ

ಲೈಟ್ ಏರಿಳಿಸುವ ಚಕ್ರದ ಬಗ್ಗೆ ಬರೆದದ್ದು ತುಂಬಾ ಒಳ್ಳೆಯದಾಯಿತು. ರಾತ್ರಿ ಆನೆಕಾಡು ರಸ್ತೆಯಲ್ಲಿ ಬರುವ ಗಾಡಿಗಳನ್ನು ನೋಡಿದರೆ ಅರ್ಧಕ್ಕರ್ಧ ಜನ ಅದನ್ನು ಮುಟ್ಟಿಲ್ಲ ಅನಿಸುತ್ತದೆ. ಹಿಂದಿನ ಫಾಗ್ ಲ್ಯಾಂಪ್ ಇರುವವರು ದಯವಿಟ್ಟು ಮಂಜು ಕಳೆದ ಮೇಲೆ ಆಫ್ ಮಾಡಿ. ಅದರ ಕೆಂಪು ಬ್ರೇಕ್ ಲೈಟಿನಷ್ಟೇ ತೀಕ್ಷ್ಣ, ಹಿಂದಿನವರಿಗೆ ನೀವು ಬ್ರೇಕ್ ಹಾಕಿದ್ದೇ ಗೊತ್ತಾಗುವುದಿಲ್ಲ.

ಸಂಪಾಜೆ ತಿರುವು

ಇಳಿಜಾರಿನ ವಿಷಯ. ಮಡಿಕೇರಿಯಿಂದ ಸಂಪಾಜೆಗೆ, ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯುವಾಗ ಆಟೊಮ್ಯಾಟಿಕ್ ಕಾರಿನವರು ಡಿ ಗೇರಿನಲ್ಲೇ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರುತ್ತಾರೆ. ಕೆಳಗೆ ತಲುಪುವಷ್ಟರಲ್ಲಿ ಸುಟ್ಟ ವಾಸನೆ, ಪೆಡಲ್ ಮೆತ್ತಗೆ. ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುವುದು ಮೊದಲ ಹಂತ. ಬ್ರೇಕ್ ಆಯಿಲ್ ತೇವ ಹೀರಿದ್ದರೆ ಅದು ಕುದಿದು ಗುಳ್ಳೆಯಾಗುವುದು ಎರಡನೆಯದು, ಆಗ ಪೆಡಲ್ ತಳ ಮುಟ್ಟುತ್ತದೆ.

ಇದಕ್ಕೆ ಬೇಕಾದದ್ದು ಗೇರ್ ಲಿವರ್‌ನಲ್ಲೇ ಇದೆ. ಹಳೆಯ ನಾಲ್ಕು ಗೇರಿನ ಮಾರುತಿ ಆಟೊಮ್ಯಾಟಿಕ್‌ಗಳಲ್ಲಿ ಲಿವರ್‌ನ ಬದಿಯಲ್ಲಿ ಓವರ್‌ಡ್ರೈವ್ ಆಫ್ ಬಟನ್. ಒತ್ತಿದರೆ ನಾಲ್ಕನೇ ಗೇರ್ ಬಂದ್, ಇನ್ನೂ ಕಡಿದಾದರೆ ಲಿವರ್ 2ಕ್ಕೆ. ಸಿ.ವಿ.ಟಿ. (ಗೇರಿನ ಹಂತಗಳಿಲ್ಲದ ಆಟೊಮ್ಯಾಟಿಕ್) ಇದ್ದರೆ ಎಸ್ ಅಥವಾ ಎಲ್. ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಬಿ ಅಂತ ಒಂದು ಸ್ಥಾನವಿದೆ, ಅದು ಇಳಿಜಾರಿಗೆಂದೇ ಕೊಟ್ಟದ್ದು. ಎ.ಎಂ.ಟಿ. (ಮ್ಯಾನುವಲ್ ಗೇರ್‌ಬಾಕ್ಸಿನ ಗೇರನ್ನು ಯಂತ್ರವೇ ಬದಲಿಸುವ) ಕಾರಾದರೆ ಲಿವರನ್ನು ಎಂ ಕಡೆಗೆ ತಳ್ಳಿ ಎರಡನೇ ಗೇರಿನಲ್ಲಿ ಹಿಡಿದಿಡಿ. ಎ.ಎಂ.ಟಿ.ಯವರು ಏರಿನಲ್ಲಿ ಟ್ರಾಫಿಕ್ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳಬೇಡಿ, ಒಳಗೆ ಇರುವುದು ಮಾಮೂಲಿ ಕ್ಲಚ್ಚೇ, ಅದು ಸುಡುತ್ತದೆ. ಬ್ರೇಕ್ ಒತ್ತಿ ನಿಲ್ಲಿ. ಏರಿನಲ್ಲಿ ಗಾಡಿ ಹಿಂದಕ್ಕೆ ಉರುಳದಂತೆ ಹಿಡಿಯುವ ಹಿಲ್ ಹೋಲ್ಡ್ ಇದ್ದರೂ ಕಾಲು ತೆಗೆದ ಮೇಲೆ ಅದು ಹಿಡಿಯುವುದು ಎರಡು ಸೆಕೆಂಡಿನ ಆಸುಪಾಸು ಮಾತ್ರ.

ಕಕ್ಕಡ ಮಳೆ, ನಾಪೋಕ್ಲು

ಆಟೊಮ್ಯಾಟಿಕ್ ಕಾರಿನ ಬ್ಯಾಟರಿ ಪೂರ್ತಿ ಸತ್ತರೆ ಪಿ ಗೇರಿನಿಂದ ಹೊರಗೇ ಬರುವುದಿಲ್ಲವಲ್ಲ, ಶೆಡ್ಡಿನಿಂದ ತಳ್ಳುವುದು ಹೇಗೆ?

ಹನ್ನೆರಡರ ಪಾನಾ, ಗೋಣಿಕೊಪ್ಪ

ಲಿವರ್ ಪಕ್ಕದಲ್ಲಿ ಉಗುರಿನಷ್ಟು ಮುಚ್ಚಳ ಅಥವಾ ಶಿಫ್ಟ್ ಲಾಕ್ ಅಂತ ಬರೆದ ಸೀಳು ಹುಡುಕಿ. ಮೊದಲು ಹ್ಯಾಂಡ್‌ಬ್ರೇಕ್. ಬಲಗಾಲು ಬ್ರೇಕ್ ಮೇಲೆ. ಮುಚ್ಚಳ ಎಬ್ಬಿಸಿ ಕೀಲಿಯ ತುದಿ ಅಥವಾ ಸಣ್ಣ ಸ್ಕ್ರೂಡ್ರೈವರ್ ಆ ಸೀಳಿಗೆ ಒತ್ತಿ ಹಿಡಿದು, ಲಿವರಿನ ಬಟನ್ ಒತ್ತಿ ನ್ಯೂಟ್ರಲ್‌ಗೆ ಎಳೆಯಿರಿ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಾದರೆ ಬ್ಯಾಟರಿ ಸತ್ತ ಮೇಲೆ ಬ್ರೇಕ್ ಬಿಡುವುದಿಲ್ಲ, ಮೊದಲು ಜಂಪ್ ಸ್ಟಾರ್ಟೇ ಗತಿ.

ಸ್ಮಾರ್ಟ್ ಕೀಯ ಸೆಲ್ ಸತ್ತರೂ ಗಾಬರಿ ಬೇಡ. ಕೀಯ ಬದಿಯ ಸಣ್ಣ ಲಾಚ್ ಸರಿಸಿದರೆ ಒಳಗಿನಿಂದ ಉಕ್ಕಿನ ಕೀಲಿ ಹೊರಬರುತ್ತದೆ. ಡ್ರೈವರ್ ಬಾಗಿಲಿನ ಹಿಡಿಯ ತುದಿಯಲ್ಲಿ ಕೀಲಿತೂತು ಕಾಣದಿದ್ದರೆ ಅಲ್ಲಿನ ಪ್ಲಾಸ್ಟಿಕ್ ಟೋಪಿಯ ಕೆಳಗೆ ಇರುತ್ತದೆ. ಬಾಗಿಲು ತೆರೆದಾಗ ಅಲಾರಂ ಕೂಗಬಹುದು, ಕೂಗಲಿ. ಒಳಗೆ ಕೂತು ಬ್ರೇಕ್ ಅಥವಾ ಕ್ಲಚ್ ಒತ್ತಿ, ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿ. ಕೀಯೊಳಗಿನ ಚಿಪ್‌ಗೆ ಸೆಲ್ ಬೇಕಿಲ್ಲ, ಹತ್ತಿರ ಹಿಡಿದರೆ ಕಾರಿನ ಆಂಟೆನಾದಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ. ಎಲ್ಲಿ ತಾಗಿಸಬೇಕು ಅನ್ನುವುದು ಕಾರಿನಿಂದ ಕಾರಿಗೆ ಬದಲಾಗುತ್ತದೆ, ಕೆಲವದರಲ್ಲಿ ಸ್ಟೇರಿಂಗ್ ಕಾಲಮ್ಮಿನ ಬದಿ. ಬಹುಪಾಲು ಕೀಗಳಲ್ಲಿ ಇರುವುದು ಸಿ.ಆರ್. 2032 ಸೆಲ್, ಒಂದು ಹೊಸದನ್ನು ಗ್ಲೋವ್‌ಬಾಕ್ಸಿನಲ್ಲಿ ಇಟ್ಟರೆ ಕೆಲಸವಾಯಿತು.

ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಮೈಯನ್ನೂ ನೋಡಿ. ಬಿಳಿ ಅಥವಾ ಹಳದಿ ಪ್ಲಾಸ್ಟಿಕ್ ಚಿಮಟ, ಪಕ್ಕದಲ್ಲಿ ಎರಡು ಮೂರು ಬಿಡಿ ಫ್ಯೂಸ್. ಬಣ್ಣವೇ ಅಳತೆ: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಸುರಿಮಳೆಯಲ್ಲಿ ವೈಪರ್ ಫ್ಯೂಸ್ ಹೋಗಿ ಬಿಡಿ ಫ್ಯೂಸೂ ಇಲ್ಲದಿದ್ದರೆ, ಸದ್ಯ ಬೇಡದ ಸರ್ಕ್ಯೂಟಿನಿಂದ ಅದೇ ಬಣ್ಣದ್ದನ್ನು ಕಿತ್ತು ಹಾಕಿ ಮನೆ ಸೇರಬಹುದು. ದೊಡ್ಡ ಆಂಪಿಯರಿನದು ಹಾಕಬೇಡಿ, ಫ್ಯೂಸ್ ಉಳಿದು ವೈರ್ ಸುಡುತ್ತದೆ. ಮತ್ತೆ ಹೋದರೆ ವೈಪರ್ ಮೋಟಾರ್ ಅಥವಾ ಲಿಂಕೇಜ್ ಬಿಗಿಯಾಗಿದೆ, ಫ್ಯೂಸಿನ ತಪ್ಪಲ್ಲ.

ಸಿಲ್ವರ್ ಓಕ್ ನೆರಳು, ಸುಂಟಿಕೊಪ್ಪ

ಸಾಮಾನು ಅನ್ನಿಸಿಕೊಳ್ಳದ ಆದರೆ ಕಂಪನಿ ಜಾಣತನದಿಂದ ಕೊಟ್ಟಿರುವ ಸಂಗತಿ, ನೀರು ಇಳಿಯುವ ದಾರಿಗಳು. ತೋಟದಲ್ಲಿ ಕಾರು ನಿಲ್ಲಿಸುವವರಿಗೆ ಇದು ಮುಖ್ಯ. ಬಾನೆಟ್ ಎತ್ತಿ ಮುಂಗಾಜಿನ ಬುಡದ ಕಪ್ಪು ಪ್ಲಾಸ್ಟಿಕ್ ಜಾಲರಿ ನೋಡಿ. ಅದರ ಎರಡೂ ಮೂಲೆಗಳಿಂದ ನೀರು ಫೆಂಡರ್ ಹಿಂದೆ ಇಳಿದು ನೆಲಕ್ಕೆ ಹೋಗಬೇಕು. ಸಿಲ್ವರ್ ಓಕ್ ಎಲೆ ಗರಿಯ ಹಾಗೆ ಸೀಳಿಕೊಂಡಿರುವುದರಿಂದ ಜಾಲರಿಯ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಅದರ ಮೇಲೆ ಧೂಳು ಕೂತು ಹೆಂಟೆಯಾಗುತ್ತದೆ. ದಾರಿ ಕಟ್ಟಿದರೆ ನೀರು ಬ್ಲೋವರ್ ಒಳಕ್ಕೆ ನುಗ್ಗಿ ಮುಂದಿನ ಪ್ರಯಾಣಿಕರ ಕಾಲಡಿಯ ಕಾರ್ಪೆಟ್ ನೆನೆಯುತ್ತದೆ. ಅಲ್ಲಿ ನೀರು ಕಂಡರೆ ಕಾರಿಗೆ ತೂತು ಬಿದ್ದಿದೆ ಅಂದುಕೊಳ್ಳುವ ಮುಂಚೆ ಎಲೆ ತೆಗೆದು ಒಂದು ಚೊಂಬು ನೀರು ಹುಯ್ಯಿರಿ, ಎರಡೂ ಮುಂಚಕ್ರಗಳ ಹಿಂದಿನಿಂದ ಸುರಿಯಬೇಕು.

ಬಾಗಿಲುಗಳ ಕೆಳ ಅಂಚಿನಲ್ಲೂ ಸೀಳುಗಳಿವೆ. ಕಿಟಕಿ ಗಾಜಿನ ಉದ್ದಕ್ಕೆ ಇಳಿದ ನೀರು ಹೊರಹೋಗುವುದು ಅಲ್ಲಿಂದ. ಬಾಗಿಲು ತೆರೆದಾಗ ಒಳಗೆ ಗುಳುಗುಳು ಶಬ್ದ ಬಂದರೆ ಅವು ಕೆಸರಿನಿಂದ ಮುಚ್ಚಿವೆ. ಹಿಡಿಕಡ್ಡಿ ಸಾಕು, ಉಕ್ಕಿನ ತಂತಿ ಬೇಡ, ಬಣ್ಣ ಕಿತ್ತು ತುಕ್ಕು ಶುರುವಾಗುತ್ತದೆ. ಸ್ಟೆಪ್ನಿ ಗುಂಡಿಯ ತಳದಲ್ಲಿ ರಬ್ಬರ್ ಬಿರಡೆ ಇರುತ್ತದೆ, ಡಿಕ್ಕಿಯಲ್ಲಿ ನೀರು ನಿಂತರೆ ಅದನ್ನು ಬಿಚ್ಚಿ ಬಸಿದು ಮತ್ತೆ ಹಾಕಿ.

ಬಾಳೆಲೆ ಬಸ್‌ಸ್ಟಾಪ್

ಕೆಲವು ಸಣ್ಣವು. ಫ್ಯೂಯಲ್ ಮೀಟರಿನ ಪಂಪ್ ಚಿತ್ರದ ಪಕ್ಕದ ಬಾಣ ಟ್ಯಾಂಕ್ ಮುಚ್ಚಳ ಯಾವ ಬದಿಗಿದೆ ಅಂತ ಹೇಳುತ್ತದೆ. ಫೋರ್ಡ್‌ನಲ್ಲಿದ್ದ ಜಿಮ್ ಮಾಯ್ಲನ್ 1986ರಲ್ಲಿ ಸೂಚಿಸಿದ್ದು, 1989ರ ಮಾದರಿಗಳಿಂದ ಕಾರಿಗೆ ಬಂತು. ಬಾಡಿಗೆ ಕಾರಿನಲ್ಲಿ ಪಂಪಿಗೆ ಹೋದಾಗ ಕೆಲಸಕ್ಕೆ ಬರುತ್ತದೆ.

ಸ್ಕೋಡಾ ಸುಪರ್ಬ್‌ನ ಬಾಗಿಲಿನಲ್ಲಿ ಕೊಡೆ ಇಡುವ ಕೊಳವೆ ಇದೆ. ಒದ್ದೆ ಕೊಡೆಯ ನೀರು ಹೊರಗೆ ಹೋಗುವ ಹಾಗೆ ಮಾಡಿದ್ದಾರೆ. ಕೊಡಗಿಗೆಂದೇ ಮಾಡಿದ ಹಾಗಿದೆ. ಸ್ಕೋಡಾದ ಕೆಲವು ಮಾದರಿಗಳ ಫ್ಯೂಯಲ್ ಮುಚ್ಚಳದ ಒಳಗೆ ಸಿಕ್ಕಿಸಿದ ಪ್ಲಾಸ್ಟಿಕ್ ಐಸ್ ಹೆರೆಯುವ ತುಂಡು ನಮಗೆ ಐಸ್‌ಗೆ ಬೇಡ. ಹೊಸದಾದ ತುಂಡುಗಳ ಮೇಲೆ ಟೈರಿನ ಕಚ್ಚಿನ ಆಳ ಅಳೆಯುವ ಗುರುತಿದೆ, ಅದು ಬೇಕು. ಅಳತೆಗೋಲೇ ಇಲ್ಲದವರು ಟೈರಿನ ಬದಿಯಲ್ಲಿ ಟಿ.ಡಬ್ಲ್ಯೂ.ಐ. ಅಥವಾ ಸಣ್ಣ ತ್ರಿಕೋನ ಹುಡುಕಿ. ಅದರ ನೇರಕ್ಕೆ ಕಚ್ಚಿನ ತಳದಲ್ಲಿ ರಬ್ಬರಿನ ಅಡ್ಡದಿಣ್ಣೆ ಇರುತ್ತದೆ, ಎತ್ತರ 1.6 ಮಿ.ಮೀ. ಟೈರಿನ ಮೈ ಅದಕ್ಕೆ ಸಮವಾದರೆ ಕಾನೂನಿನ ಪ್ರಕಾರವೂ ಅದರ ಆಯುಸ್ಸು ಮುಗಿಯಿತು. ನಮ್ಮ ಮಳೆಗೆ 3 ಮಿ.ಮೀ. ಇರುವಾಗಲೇ ಬದಲಿಸುವುದು ಲೇಸು, ನೀರು ಹೊರತಳ್ಳುವ ಶಕ್ತಿ ಅಲ್ಲಿಂದ ಬೇಗ ಬೇಗ ಕುಸಿಯುತ್ತದೆ.

ತೋಟದ ದಾರಿ, ಮಡಿಕೇರಿ

ಸ್ಟೆಪ್ನಿಯೇ ಇಲ್ಲದ ಕಾರುಗಳ ಬಗ್ಗೆ ಯಾರಾದರೂ ಬರೆಯಿರಿ.

ಸಂಪಾಜೆ ತಿರುವು

ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ರಿಪೇರಿ ಕಿಟ್ ಮೂರೂ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ಕೇಂದ್ರ ನಿಯಮ ತಿದ್ದಿತು. ಆ ಕಿಟ್‌ನಲ್ಲಿ ಅಂಟುದ್ರವದ ಬಾಟಲಿ ಮತ್ತು 12 ವೋಲ್ಟಿನ ಕಂಪ್ರೆಸರ್ ಇರುತ್ತದೆ. ಮೊಳೆ ಚುಚ್ಚಿದ ಸಣ್ಣ ತೂತಿಗೆ, ಅದೂ ರಸ್ತೆಗೆ ತಾಗುವ ಮೈಯಲ್ಲಿ, ಇದು ಸಾಕು. ಘಾಟಿಯ ಅಂಚುಕಲ್ಲಿಗೆ ಉಜ್ಜಿ ಬದಿ ಸೀಳಿದ ಟೈರಿಗೆ ಏನೂ ಮಾಡಲಾರದು. ನಮ್ಮಲ್ಲಿ ಬದಿ ಸೀಳುವುದೇ ಹೆಚ್ಚು. ಆದ್ದರಿಂದ ಕೊಡಗಿನಲ್ಲಿ ಕಾರು ಕೊಳ್ಳುವವರಿಗೆ ಸ್ಟೆಪ್ನಿ ಇರುವ ಮಾದರಿಯನ್ನೇ ಆರಿಸಿ ಎನ್ನುತ್ತೇನೆ.

ಬಳಸುವುದಾದರೆ ಮೊಳೆ ಕೀಳಬೇಡಿ. ದ್ರವ ತುಂಬಿ, ಗಾಳಿ ಹಿಡಿಸಿ, ಕೂಡಲೇ ಹೊರಡಿ, ಚಕ್ರ ತಿರುಗಿದರೇ ದ್ರವ ಹರಡುವುದು. ವೇಗ 80 ಮೀರಬೇಡಿ. ಹತ್ತು ಕಿ.ಮೀ. ಆದ ಮೇಲೆ ಒತ್ತಡ ನೋಡಿ, 19 ಪಿ.ಎಸ್.ಐ.ಗಿಂತ ಕೆಳಗಿಳಿದಿದ್ದರೆ ತೂತು ದೊಡ್ಡದು, ಮುಂದೆ ಓಡಿಸಬೇಡಿ. ಬಾಟಲಿಯ ಮೇಲೆ ಅವಧಿ ಮುಗಿಯುವ ದಿನಾಂಕವಿದೆ, ಹಳೆಯದಾದರೆ ಗಟ್ಟಿಯಾಗಿ ಕೊಳವೆಯಲ್ಲೇ ಕಟ್ಟಿಕೊಳ್ಳುತ್ತದೆ.

ತೆಳ್ಳನೆ ಸ್ಟೆಪ್ನಿ ಇರುವವರು ಅದರ ಗಾಳಿ ನೋಡಿ. ಸೈಕಲ್ ಟೈರಿನ ಹಾಗೆ ಕಾಣುವ ಆ ಜಾತಿಗೆ ಬೇಕಾದದ್ದು 60 ಪಿ.ಎಸ್.ಐ., ಮಾಮೂಲಿ 33 ಅಲ್ಲ. ಅದಕ್ಕೂ 80ರ ಮಿತಿ. ಮುಂಚಕ್ರ ಪಂಕ್ಚರ್ ಆದರೆ, ಕೆಲಸ ಹೆಚ್ಚಾದರೂ, ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತಂದು ತೆಳ್ಳನೆಯದನ್ನು ಹಿಂದೆ ಹಾಕುವುದು ಮಳೆರಸ್ತೆಗೆ ಒಳ್ಳೆಯದು.

ಕೆಂಪು ತ್ರಿಕೋನವನ್ನು ಕಾರಿನ ಹಿಂದೆ ಹತ್ತಡಿಗೆ ಇಟ್ಟರೆ ಘಾಟಿಯಲ್ಲಿ ಪ್ರಯೋಜನವಿಲ್ಲ. ತಿರುವಿನ ಆಚೆ, ಬರುವವರು ತಿರುವಿಗೆ ನುಗ್ಗುವ ಮೊದಲೇ ಕಾಣುವ ಕಡೆ, 50 ಹೆಜ್ಜೆಗಿಂತ ಹೆಚ್ಚೇ ದೂರ ಇಡಿ. ಗಾಳಿಗೆ ಬೀಳದಂತೆ ಕಾಲಿನ ಮೇಲೆ ಕಲ್ಲು. ತಿತಿಮತಿ, ಆನೆಚೌಕೂರು ಕಾಡಿನೊಳಗೆ ಕತ್ತಲಾದ ಮೇಲೆ ಇಳಿದು ಚಕ್ರ ಬದಲಿಸುವುದಕ್ಕಿಂತ, ಗಾಳಿ ನಿಧಾನಕ್ಕೆ ಹೋಗುತ್ತಿದ್ದರೆ ಕಂಪ್ರೆಸರಿನಿಂದ ತುಂಬಿಕೊಂಡು ಕಾಡು ದಾಟಿ ನಿಲ್ಲುವುದು ಕ್ಷೇಮ.

ಕಕ್ಕಡ ಮಳೆ, ನಾಪೋಕ್ಲು

ಸೀಟಿನ ತಲೆದಿಂಬು ಕಿತ್ತು ಅದರ ಕಂಬಿಯಿಂದ ಗಾಜು ಒಡೆಯಲೆಂದೇ ಮಾಡಿದ್ದು ಅಂತ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಭಾಗಮಂಡಲ ರಸ್ತೆಯಲ್ಲಿ ನೀರು ಬಂದಾಗ ಉಪಯೋಗಕ್ಕೆ ಬರುತ್ತದಾ?

ಹನ್ನೆರಡರ ಪಾನಾ, ಗೋಣಿಕೊಪ್ಪ

ಅದಕ್ಕೆಂದು ಮಾಡಿದ್ದಲ್ಲ. ಹಿಂದಿನಿಂದ ಗುದ್ದಿದಾಗ ಕತ್ತು ಹಿಂದಕ್ಕೆ ಎಗರದಂತೆ ತಡೆಯಲು ಇರುವುದು. ತೆಗೆಯಲು ಬರುವುದು ಎತ್ತರ ಹೊಂದಿಸಲು, ಸೀಟ್ ಮಡಚಲು. ಕಂಬಿಯ ತುದಿಯನ್ನು ಕಿಟಕಿ ಗಾಜಿನ ಕೆಳಮೂಲೆಯ ರಬ್ಬರ್ ಸಂದಿಗೆ ತೂರಿಸಿ ಮೀಟಿದರೆ ಗಟ್ಟಿಗಾಜು ಪುಡಿಯಾಗಬಹುದು, ನಡುವೆ ಬಡಿದರೆ ಆಗುವುದಿಲ್ಲ. ಮುಂಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಇರುವಂಥದ್ದು, ಒಡೆದರೂ ದಾರಿ ಬಿಡುವುದಿಲ್ಲ. ನೀರು ಬಾಗಿಲಿಗೆ ಏರುತ್ತಿದ್ದರೆ ವಿದ್ಯುತ್ ಇರುವಾಗಲೇ ಕಿಟಕಿ ಇಳಿಸಿ, ಅದೇ ಮೊದಲ ಕೆಲಸ. ಸಂಗಮದ ಬಳಿ ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಚಕ್ರದ ಅರ್ಧದಷ್ಟು ಆಳಕ್ಕೂ ಇಳಿಯಬೇಡಿ. ನಿಂತ ನೀರಿಗೂ ಹರಿಯುವ ನೀರಿಗೂ ಬಲದಲ್ಲಿ ಹೋಲಿಕೆಯೇ ಇಲ್ಲ.

ಬಾಳೆಲೆ ಬಸ್‌ಸ್ಟಾಪ್

ಇನ್ನೋವಾದ ಸ್ಟೆಪ್ನಿ ಕೆಳಗೆ ಇಳಿಯುತ್ತಲೇ ಇಲ್ಲ, ಸಲಾಕೆ ತಿರುಗುತ್ತದೆ, ಟೈರ್ ಅಲ್ಲಾಡುವುದಿಲ್ಲ ಅಂತ ಪರಿಚಯದವರು ಕೇಳುತ್ತಿದ್ದಾರೆ.

ಹನ್ನೆರಡರ ಪಾನಾ, ಗೋಣಿಕೊಪ್ಪ

ಗಾಡಿಯ ಹೊಟ್ಟೆಯಡಿ ಸರಪಳಿ ಅಥವಾ ಕೇಬಲ್ಲಿನಲ್ಲಿ ತೂಗುವ ಸ್ಟೆಪ್ನಿಗಳ ಮಾಮೂಲಿ ಕಾಯಿಲೆ ಅದು, ಸ್ಕಾರ್ಪಿಯೋದಲ್ಲೂ ಇದೆ. ಜಾಕಿನ ಹಿಡಿ ತುಂಡುಗಳನ್ನು ಜೋಡಿಸಿ ಹಿಂಬದಿಯ ತೂತಿನಿಂದ ತೂರಿಸಿ ಎಡಕ್ಕೆ ತಿರುಗಿಸಿದರೆ ಒಳಗಿನ ರಾಟೆ ಬಿಚ್ಚಿಕೊಳ್ಳಬೇಕು. ಕೆಂಪುಮಣ್ಣು ರಿಮ್ಮಿನ ಬಟ್ಟಲಿನಲ್ಲಿ ತುಂಬಿ ಒಣಗಿದರೆ ಟೈರ್ ಚಾಸಿಗೆ ಅಂಟಿಕೊಳ್ಳುತ್ತದೆ, ರಾಟೆ ಬಿಚ್ಚಿದರೂ ಟೈರ್ ಬರುವುದಿಲ್ಲ. ಆಗ ಇನ್ನೂ ಇನ್ನೂ ತಿರುಗಿಸಬೇಡಿ, ಸಡಿಲವಾದದ್ದು ಒಳಗೆ ಅಡ್ಡಾದಿಡ್ಡಿ ಸುತ್ತಿಕೊಂಡು ಸಿಕ್ಕಾಗುತ್ತದೆ. ಅರ್ಧ ಅಡಿ ಬಿಚ್ಚಿ ನಿಲ್ಲಿಸಿ, ಪೈಪಿನಲ್ಲಿ ನೀರು ಬಿಟ್ಟು ಮಣ್ಣು ನೆನೆಸಿ, ಬದಿಯಿಂದ ಉದ್ದ ಮರದ ತುಂಡಿನಿಂದ ಟೈರನ್ನು ಮೀಟಿ. ಅಡಿಗೆ ತಲೆ ಹಾಕಬೇಡಿ, ಬಿಡುವಾಗ ಧಡಕ್ಕನೆ ಬೀಳುತ್ತದೆ.

ಇಳಿದ ಮೇಲೆ ರಾಟೆಗೆ, ಕೇಬಲ್ಲಿಗೆ ಗ್ರೀಸ್ ಕೊಡಿ. ಆಯುಧಪೂಜೆಗೆ ಗಾಡಿ ತೊಳೆಯುವಾಗ ಒಮ್ಮೆ, ಮಳೆಗೆ ಮುಂಚೆ ಒಮ್ಮೆ ಇಳಿಸಿ ಏರಿಸಿದರೆ ಅಂಟುವುದಿಲ್ಲ. ಸ್ಟೆಪ್ನಿ ಚಕ್ರಕ್ಕೆ ಹಾಕಿ ಕೆಟ್ಟ ಟೈರನ್ನು ಡಿಕ್ಕಿಯಲ್ಲಿ ಒಯ್ಯುವಾಗ ಖಾಲಿ ಕೇಬಲನ್ನು ಹಾಗೇ ನೇತಾಡಲು ಬಿಡಬೇಡಿ, ಪೂರ್ತಿ ಮೇಲಕ್ಕೆ ಸುತ್ತಿ ಬಿಗಿ ಮಾಡಿ.

ಬಾಳೆಲೆ ಬಸ್‌ಸ್ಟಾಪ್

ನೀರು ಬಿಟ್ಟು ನೆನೆಸಿ ನೋಡಲು ಹೇಳಿದೆ. ಟೈರ್ ಇಳಿಯಿತಂತೆ, ಕೇಬಲ್ಲಿನ ಮೂರು ನಾಲ್ಕು ಎಳೆ ಹರಿದಿದೆಯಂತೆ.

ಹನ್ನೆರಡರ ಪಾನಾ, ಗೋಣಿಕೊಪ್ಪ

ಹಾಗಾದರೆ ಗ್ರೀಸ್ ಹಚ್ಚಿ ಮತ್ತೆ ತೂಗುಹಾಕುವುದು ಬೇಡ. ರಾಟೆ ಸಮೇತ ಬದಲಿಸುವವರೆಗೆ ಸ್ಟೆಪ್ನಿ ಡಿಕ್ಕಿಯೊಳಗೇ ಇರಲಿ, ಸೀಟಿನ ಕಾಲಿಗೆ ಹಗ್ಗದಿಂದ ಬಿಗಿದು ಕಟ್ಟಲು ಹೇಳಿ.